ನೀರಿನಲ್ಲಿ ಬೆಳಕು ಎಷ್ಟು ಬಾಗುತ್ತದೆ? ಒಂದು ನಾಣ್ಯ, ಒಂದು ಸ್ಕೇಲು ಸಾಕು

ನೀರಿಗೆ ಇಳಿಸಿದ ಕೋಲು ಮುರಿದ ಹಾಗೆ ಕಾಣುವುದನ್ನು ಎಲ್ಲರೂ ನೋಡಿದ್ದೇವೆ. ನೋಡಿ, "ಬೆಳಕು ಬಾಗುತ್ತೆ, ಅದಕ್ಕೇ ಹೀಗೆ" ಅಂದು ಮುಂದೆ ಹೋಗುತ್ತೇವೆ. ಎಷ್ಟು ಬಾಗುತ್ತದೆ ಎಂದು ಕೇಳುವವರು ಕಡಿಮೆ. ಆದರೆ ಅದನ್ನು ಅಳೆಯುವುದು ಕಷ್ಟವೇ ಅಲ್ಲ. ಪ್ರಯೋಗಾಲಯ ಬೇಡ, ದುಬಾರಿ ಸಾಮಾನು ಬೇಡ. ಪಠ್ಯಪುಸ್ತಕದಲ್ಲಿ ನೀರಿನ ಎದುರು ಬರೆದಿರುವ 1.33 ಎಂಬ ಸಂಖ್ಯೆಯನ್ನು ನಿಮ್ಮ ಟೇಬಲ್ಲಿನ ಮೇಲೆಯೇ ಹೆಚ್ಚುಕಮ್ಮಿ ಪಡೆಯಬಹುದು. ಮಕ್ಕಳ ಜೊತೆ ಕೂತು ಮಾಡಿದರೆ ಇನ್ನೂ ಒಳ್ಳೆಯದು. ಪುಸ್ತಕದಲ್ಲಿ ಅಚ್ಚಾದ ಸಂಖ್ಯೆ ತಮ್ಮ ಕೈಯಿಂದಲೇ ಬಂದಾಗ ಅವರ ಮುಖ ನೋಡಬೇಕು.

ಬೇಕಾಗುವುದು ಇಷ್ಟು. ಒಳಗೆ ಕಾಣದಂಥ ಒಂದು ಅಗಲ ಬಟ್ಟಲು (ಸ್ಟೀಲ್ ಅಥವಾ ಪಿಂಗಾಣಿ). ನೇರ ಗೋಡೆಯ, ಎತ್ತರದ ಒಂದು ಗಾಜಿನ ಲೋಟ. ಒಂದೇ ಥರದ ಎರಡು ನಾಣ್ಯ. ಸ್ವಲ್ಪ ಮೇಣ ಅಥವಾ ಎರಡೂ ಕಡೆ ಅಂಟುವ ಟೇಪು. ಪೆನ್ಸಿಲ್, ಸ್ಕೇಲು, ಕೆಲವು ತೆಳು ಪುಸ್ತಕಗಳು, ಒಂದು ಕಟ್ಟು ಇಸ್ಪೀಟ್ ಎಲೆ ಅಥವಾ ರಟ್ಟಿನ ತುಂಡುಗಳು. ಒಂದು ಜಗ್ ನೀರು. ಜೊತೆಗೆ ನೀರು ಸುರಿಯಲು ಇನ್ನೊಬ್ಬರು.

ಮೊದಲು ನಾಣ್ಯವನ್ನು ಕಾಣಿಸಿ

1. ಬಟ್ಟಲಿನ ತಳದಲ್ಲಿ, ನಡುವೆ, ನಾಣ್ಯವನ್ನು ಮೇಣದಿಂದ ಗಟ್ಟಿಯಾಗಿ ಅಂಟಿಸಿ. ಈ ಕೆಲಸ ಬಿಡಬೇಡಿ.

2. ಬಟ್ಟಲನ್ನು ಟೇಬಲ್ಲಿನ ಮೇಲಿಡಿ. ನಾಣ್ಯವನ್ನೇ ನೋಡುತ್ತಾ ನಿಧಾನವಾಗಿ ಹಿಂದೆ ಸರಿಯಿರಿ. ಒಂದು ಜಾಗದಲ್ಲಿ ಬಟ್ಟಲಿನ ಅಂಚು ನಾಣ್ಯವನ್ನು ಮರೆಮಾಡುತ್ತದೆ. ಪೂರ್ತಿ ಮರೆಯಾದ ಕೂಡಲೇ ನಿಲ್ಲಿ. ಇನ್ನೂ ಹಿಂದೆ ಹೋಗಬೇಡಿ.

3. ಈಗ ತಲೆ ಅಲ್ಲಾಡಬಾರದು. ಕುರ್ಚಿಯ ಬೆನ್ನಿನ ಮೇಲೋ ಪುಸ್ತಕದ ಗುಡ್ಡೆಯ ಮೇಲೋ ಗದ್ದ ಊರಿಕೊಂಡರೆ ಸುಲಭ. ಒಂದು ಕಣ್ಣು ಮುಚ್ಚಿ.

4. ಜೊತೆಯವರು ಬಟ್ಟಲಿನ ಗೋಡೆಗೆ ತಾಗುವಂತೆ ನಿಧಾನವಾಗಿ ನೀರು ಸುರಿಯಲಿ.

ನೀರು ಏರುತ್ತಾ ಹೋದ ಹಾಗೆ ಅಂಚಿನ ಹಿಂದಿನಿಂದ ಮೊದಲು ನಾಣ್ಯದ ಆಚೆ ತುದಿ ಇಣುಕುತ್ತದೆ. ಆಮೇಲೆ ಅರ್ಧ. ಆಮೇಲೆ ಇಡೀ ನಾಣ್ಯ. ನೀವು ಅಲ್ಲಾಡಿಲ್ಲ, ನಾಣ್ಯವೂ ಅಲ್ಲಾಡಿಲ್ಲ, ಆದರೂ ಕಾಣದಿದ್ದದ್ದು ಕಂಡಿತು.

ನಾನು ಮೊದಲ ಸಲ ಮಾಡಿದಾಗ ನಾಣ್ಯವನ್ನು ಸುಮ್ನೆ ತಳದಲ್ಲಿ ಇಟ್ಟಿದ್ದೆ. ನೀರಿನ ರಭಸಕ್ಕೆ ಅದು ಸರಿದು ಆಚೆ ಗೋಡೆಯ ಹತ್ತಿರ ಹೋಗಿ ಕಂಡಿತ್ತು. ಪ್ರಯೋಗ ಯಶಸ್ವಿ ಎಂದುಕೊಂಡಿದ್ದೆ, ಆದರೆ ಅದಕ್ಕೂ ಬೆಳಕಿಗೂ ಏನೂ ಸಂಬಂಧವಿರಲಿಲ್ಲ. ಅದಕ್ಕೇ ಮೇಣದ ಮಾತು ಅಷ್ಟು ಒತ್ತಿ ಹೇಳಿದ್ದು. ಅನುಮಾನ ಪೂರ್ತಿ ಹೋಗಬೇಕು ಅಂದರೆ ಇನ್ನೊಂದು ಹೆಜ್ಜೆ ಇದೆ. ನೀವು ಕದಲದೆ ಇರುವಾಗಲೇ ಜೊತೆಯವರು ಒಂದು ಚಿಕ್ಕ ಲೋಟದಿಂದ ನೀರನ್ನು ಮೊಗೆದು ತೆಗೆಯಲಿ. ನಾಣ್ಯ ಮತ್ತೆ ಅಂಚಿನ ಹಿಂದೆ ಇಳಿದು ಮರೆಯಾಗುತ್ತದೆ. ಮರೆಯಾದರೆ ಮಾತ್ರ ಅದು ನೀರಿನ ಕೆಲಸ.

ಒಳಗೆ ಏನಾಯಿತು

ಬೆಳಕು ಎಲ್ಲ ಕಡೆ ಒಂದೇ ವೇಗದಲ್ಲಿ ಹೋಗುವುದಿಲ್ಲ. ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ನೀರಿನಲ್ಲಿ ಸುಮಾರು 2.25 ಲಕ್ಷ ಕಿ.ಮೀ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.33 ಬರುತ್ತದೆ. ಇದೇ ನೀರಿನ ವಕ್ರೀಭವನ ಸೂಚ್ಯಂಕ. ಹೆಸರು ಭಾರ, ಅರ್ಥ ಹಗುರ: ಬೆಳಕು ಎಷ್ಟು ಪಟ್ಟು ನಿಧಾನವಾಯಿತು, ಅಷ್ಟೇ.

ನಿಧಾನವಾದರೆ ಬಾಗಬೇಕು ಯಾಕೆ? ಇದನ್ನೂ ಕೈಯಲ್ಲಿ ಮಾಡಿಯೇ ನೋಡಿ. ಹಾಳಾದ ಆಟಿಕೆ ಕಾರಿನಿಂದ ಒಂದು ಜೊತೆ ಚಕ್ರವನ್ನು, ಅವನ್ನು ಸೇರಿಸುವ ಕಡ್ಡಿಯ ಸಮೇತ ತೆಗೆದುಕೊಳ್ಳಿ. ನುಣುಪಾದ ಟೇಬಲ್ಲಿನ ಅರ್ಧ ಭಾಗಕ್ಕೆ ಟವೆಲ್ ಹಾಸಿ. ಚಕ್ರಗಳನ್ನು ಟವೆಲಿನ ಅಂಚಿಗೆ ಓರೆಯಾಗಿ ಉರುಳಿಸಿ. ಮೊದಲು ಟವೆಲ್ ಮುಟ್ಟಿದ ಚಕ್ರ ನಿಧಾನವಾಗುತ್ತದೆ. ಇನ್ನೊಂದು ಇನ್ನೂ ನುಣುಪು ಜಾಗದಲ್ಲಿ ಜೋರಾಗಿ ಓಡುತ್ತಿರುತ್ತದೆ. ಎರಡಕ್ಕೂ ಕಡ್ಡಿ ಒಂದೇ ಆದ್ದರಿಂದ ಇಡೀ ಜೋಡಿ ತಿರುಗಿಬಿಡುತ್ತದೆ. ಈಗ ಅಂಚಿಗೆ ನೇರವಾಗಿ, ಓರೆ ಇಲ್ಲದೆ ಉರುಳಿಸಿ. ಎರಡೂ ಚಕ್ರ ಒಟ್ಟಿಗೆ ನಿಧಾನವಾಗುತ್ತವೆ, ದಾರಿ ಬದಲಾಗುವುದಿಲ್ಲ. ಬೆಳಕೂ ಹಾಗೆಯೇ. ನೀರಿನ ಮೇಲ್ಮೈಗೆ ನೆಟ್ಟಗೆ ಬಿದ್ದರೆ ಬಾಗುವುದಿಲ್ಲ, ಓರೆಯಾಗಿ ಬಿದ್ದರೆ ಮಾತ್ರ ಬಾಗುತ್ತದೆ. ಓರೆ ಹೆಚ್ಚಾದಷ್ಟೂ ಬಾಗು ಜಾಸ್ತಿ.

ನಾಣ್ಯದ ವಿಷಯದಲ್ಲಿ ಪ್ರಯಾಣ ಉಲ್ಟಾ, ಟವೆಲಿನಿಂದ ಟೇಬಲ್ಲಿಗೆ. ನಾಣ್ಯದಿಂದ ಹೊರಟ ಬೆಳಕು ನೀರು ದಾಟಿ ಗಾಳಿಗೆ ಬರುವಾಗ ಮೇಲ್ಮೈಯ ಕಡೆಗೆ ವಾಲುತ್ತದೆ. ಹಾಗೆ ವಾಲಿದ್ದರಿಂದಲೇ ಅದು ಬಟ್ಟಲಿನ ಅಂಚನ್ನು ದಾಟಿ ನಿಮ್ಮ ಕಣ್ಣಿಗೆ ಬಿತ್ತು. ಕಣ್ಣಿಗೆ ದಾರಿಯ ತಿರುವು ಗೊತ್ತಾಗುವುದಿಲ್ಲ. ಬೆಳಕು ನೆಟ್ಟಗೆ ಬಂತು ಎಂದೇ ಅದರ ಲೆಕ್ಕ. ಹಾಗಾಗಿ ನಾಣ್ಯವನ್ನು ಅದು ಇರುವ ಜಾಗಕ್ಕಿಂತ ಮೇಲೆ ಕಾಣುತ್ತದೆ.

ಪೆನ್ಸಿಲ್ಲಿನ ವಿಷಯದಲ್ಲಿ ಒಂದು ಎಚ್ಚರ

ಎಲ್ಲರೂ ಮೊದಲು ಮಾಡುವುದು ಲೋಟದಲ್ಲಿ ಪೆನ್ಸಿಲ್ ಇಡುವ ಪ್ರಯೋಗ. ಬೆಳಕಿನ ಬಾಗನ್ನು ಕಲಿಯಲು ಅದರಿಂದ ಶುರು ಮಾಡಬಾರದು ಎಂದೇ ನನ್ನ ಅನಿಸಿಕೆ. ದುಂಡು ಲೋಟ ನೀರು ತುಂಬಿದ ಕೂಡಲೇ ಮಸೂರವಾಗುತ್ತದೆ. ಪೆನ್ಸಿಲ್ ದಪ್ಪ ಕಾಣುತ್ತದೆ, ಪಕ್ಕಕ್ಕೆ ಸರಿದಂತೆಯೂ ಕಾಣುತ್ತದೆ. ಎರಡು ಮೂರು ವಿಷಯ ಒಟ್ಟಿಗೆ ಕಲಸಿ ಹೋಗಿ, ಯಾವುದು ಯಾವುದರಿಂದ ಎಂದು ಮಗುವಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ.

ಅದರ ಬದಲು ಅದೇ ಅಗಲ ಬಟ್ಟಲಿಗೆ ಪೆನ್ಸಿಲನ್ನು ಓರೆಯಾಗಿ ಇಳಿಸಿ, ಮೇಲಿನಿಂದ ನೋಡಿ. ಕಾಗದದ ಮೇಲೆ ಕಂಡದ್ದನ್ನು ಹಾಗೇ ಬರೆದುಕೊಳ್ಳಿ. ಮುಳುಗಿದ ಭಾಗ ಮೇಲ್ಮೈಯ ಕಡೆಗೆ ಎದ್ದಂತೆ ಕಾಣುತ್ತದೆ, ತಳದ ಕಡೆಗೆ ಬಗ್ಗಿದಂತಲ್ಲ. ಇಲ್ಲಿ ತುಂಬಾ ಜನ ಎಡವುತ್ತಾರೆ. "ಗಾಳಿಯಿಂದ ನೀರಿಗೆ ಹೋಗುವಾಗ ಬೆಳಕು ಕೆಳಕ್ಕೆ ಬಾಗುತ್ತೆ, ಹಾಗಾಗಿ ಪೆನ್ಸಿಲ್ಲೂ ಕೆಳಕ್ಕೆ ಬಾಗಿ ಕಾಣಬೇಕು ಅಲ್ವಾ?" ಎಂದು ಚಿತ್ರ ಬರೆದುಬಿಡುತ್ತಾರೆ. ಪೆನ್ಸಿಲ್ ಬೆಳಕಿನ ಕಿರಣವಲ್ಲ. ಅದರ ಒಂದೊಂದು ಚುಕ್ಕಿಯೂ ನಮ್ಮ ನಾಣ್ಯದ ಹಾಗೆ ಇದ್ದಲ್ಲಿಂದ ಸ್ವಲ್ಪ ಮೇಲೆ ಕಾಣುತ್ತದೆ. ಆಳದಲ್ಲಿರುವ ಚುಕ್ಕಿ ಜಾಸ್ತಿ ಏಳುತ್ತದೆ, ಮೇಲಿರುವುದು ಕಮ್ಮಿ. ಒಟ್ಟು ಸೇರಿದರೆ ಮೇಲಕ್ಕೆ ಬಾಗಿದ ಪೆನ್ಸಿಲ್.

ಈಗ ಅಳತೆ

ನಾಣ್ಯ ಎಷ್ಟು ಮೇಲೆದ್ದಂತೆ ಕಾಣುತ್ತದೆ? ಇದನ್ನು ಅಳೆದರೆ ನೀರಿನ ಸಂಖ್ಯೆ ಸಿಕ್ಕಿತು. ಉಪಾಯ ಸರಳ. ನೀರೊಳಗಿನ ನಾಣ್ಯ ಯಾವ ಎತ್ತರದಲ್ಲಿ ಕಾಣುತ್ತದೋ, ಲೋಟದ ಹೊರಗೆ ಅದೇ ಎತ್ತರಕ್ಕೆ ಇನ್ನೊಂದು ನಾಣ್ಯವನ್ನು ಏರಿಸುವುದು. ಆಮೇಲೆ ಹೊರಗಿನದನ್ನು ಸ್ಕೇಲಿನಲ್ಲಿ ಅಳೆಯುವುದು.

ಎರಡೂ ಒಂದೇ ಎತ್ತರಕ್ಕೆ ಬಂದವು ಎಂದು ತಿಳಿಯುವುದು ಹೇಗೆ? ಮೊದಲು ಬೆರಳಿನಲ್ಲಿ ಅಭ್ಯಾಸ ಮಾಡಿ. ಒಂದು ಬೆರಳು ಹತ್ತಿರ, ಇನ್ನೊಂದು ದೂರ ಹಿಡಿದು, ಒಂದು ಕಣ್ಣು ಮುಚ್ಚಿ, ತಲೆಯನ್ನು ಆಚೀಚೆ ಸರಿಸಿ. ದೂರದ ಬೆರಳಿಗೆ ಹೋಲಿಸಿದರೆ ಹತ್ತಿರದ ಬೆರಳು ತಲೆಯ ವಿರುದ್ಧ ದಿಕ್ಕಿಗೆ ಸರಿಯುತ್ತದೆ. ಎರಡೂ ಬೆರಳನ್ನು ಒಂದೇ ದೂರದಲ್ಲಿ ಪಕ್ಕಪಕ್ಕ ಹಿಡಿದರೆ ಎರಡೂ ಒಟ್ಟಿಗೇ ಚಲಿಸುತ್ತವೆ. ನಮಗೆ ಬೇಕಾದ ಗುರುತು ಇದೇ.

1. ಎತ್ತರದ ಲೋಟದ ತಳದಲ್ಲಿ, ಗೋಡೆಗೆ ಹತ್ತಿರವಾಗಿ, ಒಂದು ನಾಣ್ಯ ಅಂಟಿಸಿ. ನೀರು ಇನ್ನೂ ಹಾಕಬೇಡಿ.

2. ಲೋಟದ ಹೊರಗೆ, ಆ ನಾಣ್ಯದ ಪಕ್ಕದಲ್ಲೇ, ಇಸ್ಪೀಟ್ ಎಲೆಗಳ ಸಣ್ಣ ಗುಡ್ಡೆ ಮಾಡಿ ಅದರ ಮೇಲೆ ಎರಡನೆಯ ನಾಣ್ಯ ಇಡಿ. ಒಂದು ನಾಣ್ಯ ಎಡಕ್ಕೆ, ಒಂದು ಬಲಕ್ಕೆ ಬರುವ ಹಾಗೆ ನಿಂತುಕೊಳ್ಳಿ.

3. ಒಂದು ಕಣ್ಣು ಮುಚ್ಚಿ, ಸುಮಾರು ಎರಡು ಗೇಣು ಮೇಲಿನಿಂದ ನೆಟ್ಟಗೆ ಕೆಳಕ್ಕೆ ನೋಡಿ. ತಲೆಯನ್ನು ನಾಲ್ಕೈದು ಸೆಂ.ಮೀ. ಹಿಂದೆ ಮುಂದೆ ಸರಿಸಿ. ಎರಡೂ ನಾಣ್ಯ ಒಟ್ಟಿಗೆ ಚಲಿಸುವವರೆಗೆ ಎಲೆಗಳನ್ನು ಸೇರಿಸಿ ಅಥವಾ ತೆಗೆಯಿರಿ. ಆಗ ಗುಡ್ಡೆಯ ಎತ್ತರ ಅಳೆದು ಬರೆದಿಡಿ. ಇದು ಲೋಟದ ತಳದ ದಪ್ಪ. ಖಾಲಿ ಲೋಟದಿಂದ ಶುರು ಮಾಡಿದ್ದರಿಂದ ಈ ದಪ್ಪ ನಮ್ಮ ಲೆಕ್ಕವನ್ನು ಕೆಡಿಸುವುದಿಲ್ಲ.

4. ಈಗ ನೀರು ತುಂಬಿ. ಒಳಗಿನ ತಳದಿಂದ ಮೇಲ್ಮೈವರೆಗೆ ನೀರಿನ ಆಳ ಅಳೆಯಿರಿ. 12 ಸೆಂ.ಮೀ. ಬಂದರೆ ಲೆಕ್ಕಕ್ಕೆ ಅನುಕೂಲ.

5. ಮತ್ತೆ ಮೇಲಿನಿಂದ ನೋಡಿ. ಈಗ ಒಳಗಿನ ನಾಣ್ಯ ಎದ್ದು ಬಂದಿರುತ್ತದೆ. ಹೊರಗಿನ ಗುಡ್ಡೆಯನ್ನು ಏರಿಸುತ್ತಾ ಹೋಗಿ. ದೊಡ್ಡ ಜಿಗಿತಕ್ಕೆ ಪುಸ್ತಕ, ಸಣ್ಣದಕ್ಕೆ ಎಲೆ. ಹೊರಗಿನ ನಾಣ್ಯವನ್ನು ಗಾಜಿನ ಮೂಲಕ ನೋಡಬಾರದು, ಅಂಚಿನ ಹೊರಗಿನಿಂದ ನೇರವಾಗಿ ಕಾಣಬೇಕು.

6. ಎರಡೂ ಒಟ್ಟಿಗೆ ಚಲಿಸತೊಡಗಿದಾಗ ಗುಡ್ಡೆಯ ಎತ್ತರ ಅಳೆಯಿರಿ. ಮೊದಲಿನ ಎತ್ತರವನ್ನು ಕಳೆಯಿರಿ. ಉಳಿದದ್ದೇ ನಾಣ್ಯ ಎದ್ದಂತೆ ಕಂಡ ಎತ್ತರ.

ನೀರಿನ ಆಳ 12 ಸೆಂ.ಮೀ. ಇದ್ದರೆ ನಾಣ್ಯ ಸುಮಾರು 3 ಸೆಂ.ಮೀ. ಏಳಬೇಕು. ಅಂದರೆ 9 ಸೆಂ.ಮೀ. ಆಳದಲ್ಲಿ ಇದ್ದಂತೆ ಕಾಣುತ್ತದೆ. 12 ಅನ್ನು 9ರಿಂದ ಭಾಗಿಸಿ: 1.33.

ನಿಮಗೆ ಸರಿಯಾಗಿ 1.33 ಬರದಿದ್ದರೆ ಬೇಜಾರಾಗಬೇಡಿ. ಗುಡ್ಡೆಯ ಎತ್ತರದಲ್ಲಿ 3 ಮಿ.ಮೀ. ಆಚೀಚೆಯಾದರೆ ಉತ್ತರ 1.29ರಿಂದ 1.38ರವರೆಗೆ ಓಡಾಡುತ್ತದೆ. ಗುಡ್ಡೆಯನ್ನು ಕೆಡವಿ ಮತ್ತೆ ಕಟ್ಟಿ, ಮೂರು ನಾಲ್ಕು ಸಲ ಅಳೆದು ಸರಾಸರಿ ತೆಗೆಯಿರಿ. ಹಿಂದಿನ ಸಲದ ಉತ್ತರ ನೋಡಿಕೊಂಡು ಗುಡ್ಡೆ ಕಟ್ಟಬೇಡಿ. ಪುಸ್ತಕದ ಸಂಖ್ಯೆಗೆ ಹೊಂದಿಸಲು ಎಲೆ ಸೇರಿಸುವ ಆಸೆ ಎಲ್ಲರಿಗೂ ಆಗುತ್ತದೆ. ಮಕ್ಕಳಿಗೆ ಉತ್ತರವನ್ನು ಮೊದಲೇ ಹೇಳದಿದ್ದರೆ ಅವರ ಅಳತೆ ನಮ್ಮದಕ್ಕಿಂತ ಪ್ರಾಮಾಣಿಕವಾಗಿರುತ್ತದೆ.

ಒಂದು ಪ್ರಶ್ನೆ ನಿಮಗೆ ಬಂದಿರಬಹುದು. ನೆಟ್ಟಗೆ ಮೇಲಿನಿಂದ ನೋಡಿದರೆ ಬೆಳಕು ಬಾಗುವುದೇ ಇಲ್ಲವಲ್ಲ, ಆದರೂ ನಾಣ್ಯ ಎದ್ದಂತೆ ಯಾಕೆ ಕಾಣುತ್ತದೆ? ಕಣ್ಣಿಗೆ ಬರುವುದು ಒಂದೇ ಕಿರಣವಲ್ಲ. ನಾಣ್ಯದ ಒಂದು ಚುಕ್ಕಿಯಿಂದ ಸಣ್ಣ ಗೊಂಚಲೇ ಬರುತ್ತದೆ. ನಡುವಿನದು ನೇರ ಬರುತ್ತದೆ, ಅಕ್ಕಪಕ್ಕದವು ಚೂರು ಓರೆ. ಆ ಓರೆಯವು ಹೊರಬರುವಾಗ ಇನ್ನಷ್ಟು ಅಗಲಕ್ಕೆ ಹರಡಿಕೊಳ್ಳುತ್ತವೆ. ಹೆಚ್ಚು ಹರಡಿ ಬಂದ ಬೆಳಕು ಹತ್ತಿರದಿಂದ ಬಂದದ್ದು ಎಂದು ಕಣ್ಣು ತಿಳಿಯುತ್ತದೆ.

ಈ ಅಳತೆಗೂ ನೀರಿಗೆ ಇಳಿಯುವವರ ಜೀವಕ್ಕೂ ಸಂಬಂಧವಿದೆ. 2 ಮೀಟರ್ ಆಳದ ತಿಳಿನೀರು ಮೇಲಿನಿಂದ ನೋಡಿದವರಿಗೆ ಒಂದೂವರೆ ಮೀಟರ್ ಎನಿಸುತ್ತದೆ. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ಅದಕ್ಕಿಂತಲೂ ಕಮ್ಮಿ. ತಳ ಕಾಣುತ್ತಿದೆ ಎಂಬ ಧೈರ್ಯದಲ್ಲಿ ಇಳಿಯಬಾರದು ಎಂದು ಮಕ್ಕಳಿಗೆ ಬಾಯಲ್ಲಿ ಹೇಳುವುದಕ್ಕಿಂತ, ಈ ಇಸ್ಪೀಟ್ ಗುಡ್ಡೆಯನ್ನು ಅವರ ಕೈಯಲ್ಲೇ ಕಟ್ಟಿಸಿ.

ಇದನ್ನು ಮೊದಲು ಅಳೆದವರು

ಕ್ರಿ.ಶ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಬಟ್ಟಲಿನ ನಾಣ್ಯದ ಬಗ್ಗೆ ಬರೆದಿದ್ದ. ಅಷ್ಟಕ್ಕೇ ನಿಲ್ಲದೆ, ಗಾಳಿಯಿಂದ ನೀರಿಗೆ ಹೋಗುವ ಬೆಳಕಿನ ಕೋನಗಳನ್ನು 10 ಡಿಗ್ರಿಗೆ ಒಂದರಂತೆ ಪಟ್ಟಿ ಮಾಡಿದ. ಮೇಲ್ಮೈಗೆ ನೆಟ್ಟಗಿನ ಗೆರೆಯಿಂದ 60 ಡಿಗ್ರಿ ಓರೆಯಾಗಿ ಬಂದ ಬೆಳಕು ನೀರಿನಲ್ಲಿ 40.5 ಡಿಗ್ರಿಗೆ ಇಳಿಯುತ್ತದೆ ಎಂಬುದು ಅವನ ಪಟ್ಟಿಯಲ್ಲಿದೆ. ಇಂದಿನ ಲೆಕ್ಕದಲ್ಲಿ ಅದು 40.6. ಪಟ್ಟಿ ಇತ್ತು, ಎಷ್ಟು ಓರೆಗೆ ಎಷ್ಟು ಬಾಗು ಎಂದು ಹೇಳುವ ನಿಯಮ ಮಾತ್ರ ಅವನ ಕೈಗೆ ಸಿಗಲಿಲ್ಲ. ಅದು 984ರ ಹೊತ್ತಿಗೆ ಬಾಗ್ದಾದಿನ ಇಬ್ನ್ ಸಹ್ಲ್‌ಗೆ ಹೊಳೆಯಿತು. ಬಹಳ ಕಾಲದ ನಂತರ, 1621ರಲ್ಲಿ, ಹಾಲೆಂಡಿನ ಸ್ನೆಲ್ ಅದನ್ನು ಮತ್ತೆ ಕಂಡುಕೊಂಡ. ನೀರಿನಲ್ಲಿ ಬೆಳಕು ನಿಧಾನವಾಗುತ್ತದೋ, ಜೋರಾಗುತ್ತದೋ ಎಂಬ ಜಗಳ ಆಗಲೂ ಮುಗಿಯಲಿಲ್ಲ. ಜೋರಾಗುತ್ತದೆ ಎಂಬ ಪಕ್ಷದಲ್ಲಿ ನ್ಯೂಟನ್ ಇದ್ದ. 1850ರಲ್ಲಿ ಫ್ರಾನ್ಸಿನ ಫೂಕೋ ತಿರುಗುವ ಕನ್ನಡಿ ಬಳಸಿ ನಿಧಾನವೇ ಎಂದು ತೋರಿಸಿದ.

ಬೆಳ್ಳಿಯ ಮೇಲ್ಮೈ

ಇದಕ್ಕೆ ಅರ್ಧ ನಿಮಿಷ ಸಾಕು. ನೀರು ತುಂಬಿದ ಗಾಜಿನ ಲೋಟವನ್ನು ಕಣ್ಣಿಗಿಂತ ಸ್ವಲ್ಪ ಮೇಲೆ ಹಿಡಿದು, ಪಕ್ಕದ ಗೋಡೆಯ ಮೂಲಕ ನೀರಿನ ಮೇಲ್ಮೈಯನ್ನು ಕೆಳಗಿನಿಂದ ನೋಡಿ. ಅದು ಪಾರದರ್ಶಕವಾಗಿ ಕಾಣುವುದಿಲ್ಲ. ಪಾದರಸ ಹಚ್ಚಿದ ಕನ್ನಡಿಯ ಹಾಗೆ ಹೊಳೆಯುತ್ತದೆ. ಪೆನ್ಸಿಲ್ ಇಳಿಸಿದರೆ ಮುಳುಗಿದ ಭಾಗದ ಪ್ರತಿಬಿಂಬ ಅಲ್ಲಿ ಕಾಣುತ್ತದೆ.

ನೀರಿನಿಂದ ಗಾಳಿಗೆ ಬರುವ ಬೆಳಕು ಹೊರಗೆ ವಾಲುತ್ತದೆ ಎಂದೆವಲ್ಲ. ಒಳಗಿನ ಓರೆ ಸುಮಾರು 48.6 ಡಿಗ್ರಿ ದಾಟಿದರೆ ವಾಲಲು ಜಾಗವೇ ಉಳಿಯುವುದಿಲ್ಲ. ಬೆಳಕು ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. ಇದಕ್ಕೆ ಪೂರ್ಣ ಆಂತರಿಕ ಪ್ರತಿಫಲನ ಎನ್ನುತ್ತಾರೆ. ಇಂಟರ್ನೆಟ್ ಹೊತ್ತು ತರುವ ಗಾಜಿನ ಎಳೆಯೊಳಗೆ ಬೆಳಕು ಹೊರಗೆ ಸೋರದೆ ಓಡುವುದು ಇದೇ ಕಾರಣದಿಂದ.

ತಿರುಗುವ ಬಾಣ

ದುಂಡು ಲೋಟ ಮಸೂರವಾಗುತ್ತದೆ ಎಂದು ಆಗಲೇ ದೂರಿದ್ದೆ. ಈಗ ಅದನ್ನೇ ಬಳಸಿಕೊಳ್ಳೋಣ. ಕಾಗದದ ಮೇಲೆ ದಪ್ಪನೆಯ ಅಡ್ಡ ಬಾಣ ಬರೆದು ನೀರು ತುಂಬಿದ ಲೋಟದ ಹಿಂದೆ ತಾಗಿಸಿ ಹಿಡಿಯಿರಿ. ನೀವು ಒಂದು ಮೀಟರಿನಷ್ಟು ದೂರದಲ್ಲಿರಿ. ಬಾಣ ಉದ್ದವಾಗಿ ಕಾಣುತ್ತದೆ, ದಿಕ್ಕು ಅದೇ. ಕಾಗದವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ. ಬಾಣ ಹಿಗ್ಗುತ್ತಾ ಹೋಗಿ ಮಸುಕಾಗುತ್ತದೆ. ಆಮೇಲೆ ಮತ್ತೆ ಸ್ಪಷ್ಟವಾಗುವಾಗ ಎದುರು ದಿಕ್ಕಿಗೆ ತಿರುಗಿರುತ್ತದೆ!

ತಿರುಗುವ ಜಾಗವನ್ನೂ ಅಳೆಯಬಹುದು. ಲೋಟದ ಹಿಂಬದಿಯಿಂದ ಹೆಚ್ಚುಕಮ್ಮಿ ಅರ್ಧ ವ್ಯಾಸದಷ್ಟು ದೂರ. 6 ಸೆಂ.ಮೀ. ವ್ಯಾಸದ ಲೋಟಕ್ಕೆ ಸುಮಾರು 3 ಸೆಂ.ಮೀ. ಬಾಣವನ್ನು ಮೇಲೆ ಕೆಳಗೆ ಬರೆದು ನೋಡಿ, ತಿರುಗುವುದಿಲ್ಲ. ಲೋಟದ ಗೋಡೆ ಅಡ್ಡಕ್ಕೆ ಮಾತ್ರ ದುಂಡು, ಉದ್ದಕ್ಕೆ ನೇರ.

ಇದೇ ಮಸೂರ ಬಿಸಿಲನ್ನೂ ಒಂದು ಗೆರೆಗೆ ಒಟ್ಟುಮಾಡುತ್ತದೆ. ದುಂಡನೆಯ ನೀರಿನ ಪಾತ್ರೆಯಾದರೆ ಒಂದು ಚುಕ್ಕಿಗೇ ತರುತ್ತದೆ. ಪ್ರಯೋಗ ಮುಗಿದ ಮೇಲೆ ನೀರು ತುಂಬಿದ ಗಾಜನ್ನು ಕಾಗದ ಅಥವಾ ಬಟ್ಟೆಯ ಪಕ್ಕ ಬಿಸಿಲಿನಲ್ಲಿ ಬಿಟ್ಟು ಹೋಗಬೇಡಿ. ಬೆಂಕಿ ಹೊತ್ತಿಕೊಳ್ಳಬಹುದು. ಅದರ ಮೂಲಕ ಸೂರ್ಯನನ್ನು ನೋಡುವುದಂತೂ ಬೇಡವೇ ಬೇಡ.

ಸಕ್ಕರೆ ನೀರು

ಸಾದಾ ನೀರಿನ ಅಳತೆ ಕೈಗೆ ಕೂತ ಮೇಲೆ ಇದನ್ನು ಮಾಡಿ. ನೀರಿನಷ್ಟೇ ತೂಕದ ಸಕ್ಕರೆ ಹಾಕಿ ಪೂರ್ತಿ ಕರಗಿಸಿ, ತಿಳಿಯಾಗಲು ಬಿಟ್ಟು, ಅದೇ ಲೋಟದಲ್ಲಿ ಅದೇ 12 ಸೆಂ.ಮೀ.ಗೆ ತುಂಬಿ ಅಳೆಯಿರಿ. ಇದರ ಸೂಚ್ಯಂಕ ಸುಮಾರು 1.42. ನಾಣ್ಯ ಮೂರರ ಬದಲು ಮೂರೂವರೆ ಸೆಂ.ಮೀ. ಏಳುತ್ತದೆ. ಅರ್ಧ ಸೆಂ.ಮೀ. ವ್ಯತ್ಯಾಸ ನಿಮ್ಮ ಗುಡ್ಡೆಯಲ್ಲಿ ಗೊತ್ತಾಗಲೇಬೇಕು. ಉಪ್ಪಿನಿಂದಲೂ ಸೂಚ್ಯಂಕ ಏರುತ್ತದೆ, ಆದರೆ ಕಮ್ಮಿ. ಹಾಗಾಗಿ ಮೊದಲ ಸಲಕ್ಕೆ ಸಕ್ಕರೆಯೇ ಒಳ್ಳೆಯದು. ಹಣ್ಣಿನ ರಸದಲ್ಲಿ ಸಕ್ಕರೆ ಎಷ್ಟಿದೆ ಎಂದು ಒಂದೇ ಹನಿಯಿಂದ ಹೇಳುವ ರಿಫ್ರಾಕ್ಟೋಮೀಟರ್ ಎಂಬ ಸಾಧನವೂ ಅಳೆಯುವುದು ಇದೇ ಬಾಗನ್ನು.

ಸಕ್ಕರೆ ಕರಗುವ ಹೊತ್ತಿನಲ್ಲಿ ಅವಸರ ಮಾಡಬೇಡಿ. ಒಂದು ಚಮಚ ಸಕ್ಕರೆಯನ್ನು ಮೇಲಿನಿಂದ ಬಿಟ್ಟು, ಕಲಕದೆ, ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಹರಳುಗಳಿಂದ ಸಣ್ಣ ಸಣ್ಣ ಎಳೆಗಳು ಕೆಳಕ್ಕೆ ಇಳಿಯುವುದು ಕಾಣುತ್ತದೆ. ಅವಕ್ಕೆ ಬಣ್ಣವಿಲ್ಲ. ನೀರೂ ತಿಳಿ, ಕರಗಿದ ಸಕ್ಕರೆಯೂ ತಿಳಿ. ಆ ಎಳೆಯೊಳಗೆ ಬೆಳಕು ಪಕ್ಕದ ನೀರಿಗಿಂತ ಸ್ವಲ್ಪ ನಿಧಾನ, ಹಾಗಾಗಿ ಸ್ವಲ್ಪ ಬಾಗುತ್ತದೆ. ನಿಮ್ಮ ಕಣ್ಣಿಗೆ ಕಾಣುತ್ತಿರುವುದು ಆ ಬಾಗು ಮಾತ್ರ.